ಸ್ಟೇನ್‌ಲೆಸ್ ಸ್ಟೀಲ್ ಕ್ಯಾಂಪರ್ ಟ್ರೇಲರ್: ಬೆಸುಗೆ ಬಿಟ್ಟ ಮೇಲೆ ಕೈಹಿಡಿದ ಲೋಹ

ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಕ್ಯಾಂಪರ್ ಟ್ರೇಲರ್ (ಗಾಡಿಯ ಹಿಂದೆ ಎಳೆದೊಯ್ದು, ಅದರಲ್ಲೇ ಮಲಗಿ ಅಡುಗೆ ಮಾಡಿಕೊಳ್ಳುವ ಪೆಟ್ಟಿಗೆ) ಕಟ್ಟುತ್ತೇನೆ ಎಂದಾಗ ತುಮಕೂರಿನ ಫ್ಯಾಬ್ರಿಕೇಷನ್ ಬಳಗದಿಂದ ಎದುರಾದ ಆಕ್ಷೇಪಗಳು ಮೂರೇ: ಭಾರವಾಗುತ್ತದೆ, ಬಿಸಿಲಿಗೆ ಕಾಯುತ್ತದೆ, ಹಾಕಿದ ದುಡ್ಡು ಹುಟ್ಟುವುದಿಲ್ಲ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಹೋಟೆಲುಗಳಿಗೆ ಹಬೆಪೆಟ್ಟಿಗೆಗಳನ್ನೂ, ಕಲ್ಯಾಣಮಂಟಪಗಳ ಅಡುಗೆಮನೆಗೆ ಮೇಜು, ತೊಟ್ಟಿ, ಚಿಮಣಿಗಳನ್ನೂ ಮಾಡಿಕೊಂಡು ಬಂದವನು ನಾನಾದ್ದರಿಂದ, "ಇಡ್ಲಿ ಬೇಯಿಸುವ ಪೆಟ್ಟಿಗೆ ಸಾಲದೆಂದು ಈಗ ಮನುಷ್ಯರನ್ನು ಬೇಯಿಸುವ ಪೆಟ್ಟಿಗೆಗೆ ಕೈಹಾಕಿದ್ದಾನೆ" ಎಂಬ ಮಾತು ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಸಾಕಷ್ಟು ಕಾಲ ಓಡಾಡಿತು. ಮೂರು ಆಕ್ಷೇಪಗಳಲ್ಲಿ ಯಾವುದೂ ಸುಳ್ಳಲ್ಲ; ಆದರೆ ಹೋಟೆಲ್ ಸಾಮಾನು ಮಾಡುವ ರೀತಿಯಲ್ಲೇ ಟ್ರೇಲರನ್ನೂ ಮಾಡಿದಾಗ ಮಾತ್ರ ಅವು ನಿಜವಾಗುತ್ತವೆ. ದಪ್ಪ ಶೀಟು ತಂದು, ಚೌಕಟ್ಟಿಗೆ ಟಿಗ್ ಬೆಸುಗೆ (ಆರ್ಗಾನ್ ಅನಿಲದ ರಕ್ಷಣೆಯಲ್ಲಿ ವಿದ್ಯುತ್ತಿನಿಂದ ಬೆಸೆಯುವುದು) ಹಾಕಿ, ಉಜ್ಜಿ ಪಾಲಿಶ್ ಮಾಡುವ ನಮ್ಮ ರೂಢಿಯನ್ನು ಬಿಟ್ಟು, ಆದಷ್ಟು ತೆಳುವಾದ ಶೀಟನ್ನು ಬೆಸುಗೆಯಿಲ್ಲದೆ ಫೋಮಿನ ಮೇಲೆ ಅಂಟಿಸಿದಾಗ ಅದೇ ಲೋಹ ಬೇರೆಯದೇ ರೀತಿಯಲ್ಲಿ ವರ್ತಿಸುತ್ತದೆ. ಈಗ ಅಂಥ ಟ್ರೇಲರ್ ಬೊಲೆರೊದ ಹಿಂದೆ ಎರಡು ಮಳೆಗಾಲ ಕಳೆದು ಓಡುತ್ತಿರುವುದರಿಂದ, ಕೆಲಸ ಬಲ್ಲವರಿಗಾಗಿ ವಿವರಗಳನ್ನು ಬರೆಯುತ್ತಿದ್ದೇನೆ.

ಮೊದಲ ಪ್ರಯತ್ನದ ಲೆಕ್ಕವನ್ನೇ ಮೊದಲು ಒಪ್ಪಿಸುತ್ತೇನೆ. ಸುಮಾರು ಮೂರು ಮೀಟರ್ ಉದ್ದ, 1.7 ಮೀಟರ್ ಅಗಲ, 1.4 ಮೀಟರ್ ಎತ್ತರದ ಪೆಟ್ಟಿಗೆ. 40 ಮಿಲಿಮೀಟರಿನ ಚೌಕ ಕೊಳವೆಯ ಚೌಕಟ್ಟು, ಅದರ ಮೇಲೆ 18 ಗೇಜಿನ, ಅಂದರೆ ಹೆಚ್ಚು ಕಡಿಮೆ 1.2 ಮಿಲಿಮೀಟರ್ ದಪ್ಪದ 304 ದರ್ಜೆಯ ಸ್ಟೇನ್‌ಲೆಸ್ ಶೀಟು, ಎಲ್ಲವೂ ಬೆಸುಗೆ. 304 ಲೋಹವು ಬಿಸಿಯನ್ನು ಹರಡಲು ಬಿಡುವುದು ಮಾಮೂಲಿ ಕಬ್ಬಿಣದ ಮೂರನೆಯ ಒಂದು ಭಾಗದಷ್ಟು ಮಾತ್ರ, ಹಿಗ್ಗುವುದು ಮಾತ್ರ ಅದಕ್ಕಿಂತ ಸುಮಾರು ಒಂದೂವರೆ ಪಟ್ಟು. ಬೆಸುಗೆಯ ಶಾಖ ಇದ್ದಲ್ಲೇ ನಿಂತು, ಅಲ್ಲೇ ಹಿಗ್ಗಿ, ಆರುವಾಗ ಎಳೆದುಕೊಳ್ಳುವುದರಿಂದ ಪಕ್ಕದ ಗೋಡೆಗಳೆರಡೂ ಹಪ್ಪಳದಂತೆ ಅಲೆಯೆದ್ದವು. ಹೋಟೆಲ್ ಮೇಜಿನಲ್ಲಿ ಎರಡೂವರೆ ಅಡಿಗೊಂದು ಮಡಿಕೆ ಬರುವುದರಿಂದ ಈ ತೊಂದರೆ ಕಣ್ಣಿಗೆ ಬೀಳುವುದಿಲ್ಲ. ಮೂರು ಮೀಟರಿನ ನೇರ ಗೋಡೆಯಲ್ಲಿ ಬಿಸಿಲು ಬಿದ್ದರೆ ದಾರಿಹೋಕರಿಗೂ ಕಾಣುತ್ತದೆ. ಚುಕ್ಕೆ ಚುಕ್ಕೆಯಾಗಿ ಬೆಸೆದು, ಹಿಂದೆ ತಾಮ್ರದ ಪಟ್ಟಿ ಕೊಟ್ಟು, ಒದ್ದೆ ಬಟ್ಟೆ ಹಾಕಿ, ಮೂಲೆಯಿಂದ ಮೂಲೆಗೆ ಜಿಗಿದು ನೋಡಿದ್ದಾಯಿತು. ಅಲೆಯ ಎತ್ತರ ಕಡಿಮೆಯಾಯಿತೇ ಹೊರತು ಅಲೆ ಹೋಗಲಿಲ್ಲ. ಒಳಗಿನ ಸಾಮಾನು ಸೇರಿ ತೂಕ ಒಂಬೈನೂರು ಕಿಲೋ ಮುಟ್ಟಿತು. ದೇವರಾಯನದುರ್ಗದ ಏರಿನಲ್ಲಿ ಬೊಲೆರೊ ಎರಡನೆಯ ಗೇರಿನಿಂದ ಮೇಲೇಳಲಿಲ್ಲ. ಮೂರೂವರೆ ಲಕ್ಷದ ಹತ್ತಿರ ಖರ್ಚಾಗಿದ್ದ ಆ ಮೈಯನ್ನು ಬಿಚ್ಚಿ ಗುಜರಿಗೆ ಹಾಕಿದಾಗ ಕೈಗೆ ಬಂದದ್ದು ಅರವತ್ತು ಸಾವಿರದ ಆಸುಪಾಸು. ಕಬ್ಬಿಣದ್ದಾಗಿದ್ದರೆ ಅದರ ಕಾಲುಭಾಗವೂ ಬರುತ್ತಿರಲಿಲ್ಲ ಎಂಬುದೂ ಸ್ಟೇನ್‌ಲೆಸ್ಸಿನ ಒಂದು ಗುಣವೇ.

ಶೀಟು ಕೊಳ್ಳುವ ವಿಚಾರದಲ್ಲಿ ಒಂದು ಮಾತು. ನಮ್ಮಲ್ಲಿ ಅನೇಕರು ಈಗಲೂ ಜೇಬಿನಲ್ಲಿ ಅಯಸ್ಕಾಂತ ಇಟ್ಟುಕೊಂಡು ಅಂಗಡಿಗೆ ಹೋಗುತ್ತಾರೆ. 304ರ ಬದಲು ಕೊಡುವ ಅಗ್ಗದ ದರ್ಜೆಗಳಲ್ಲಿ ಅಯಸ್ಕಾಂತವು 430ನ್ನು ಹಿಡಿದುಕೊಡುತ್ತದೆ, 202ನ್ನು ಹಿಡಿದುಕೊಡುವುದಿಲ್ಲ. ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿದ 202 ಕೂಡ 304ರಂತೆಯೇ ಅಂಟದೆ ನಿಲ್ಲುತ್ತದೆ. ತಿರುಗಿ ನೋಡಿದರೆ ಅಪ್ಪಟ 304ನ್ನೇ ಪ್ರೆಸ್ಸಿನಲ್ಲಿ ಮಡಿಸಿದ ಮೇಲೆ ಮಡಿಕೆಯ ಜಾಗದಲ್ಲಿ ಅಯಸ್ಕಾಂತ ಸ್ವಲ್ಪ ಎಳೆಯುತ್ತದೆ. ಬ್ಯಾಟರಿ ಮುಟ್ಟಿಸಿ ಹನಿ ಬಿಟ್ಟು ಬಣ್ಣ ನೋಡುವ ದ್ರಾವಣ ಸಿಗುತ್ತದೆ, ಅದನ್ನೇ ನಂಬಿ. ಪೀಣ್ಯದಿಂದ ತರಿಸಿದ ಒಂದು ಲಾಟಿನಲ್ಲಿ 304ರ ಬಿಲ್ಲಿಗೆ 202 ಶೀಟುಗಳು ಸೇರಿಕೊಂಡಿದ್ದು ಗೊತ್ತಾದದ್ದು ಹಾಗೆಯೇ. ವ್ಯಾಪಾರಿ ವಾಪಸು ತೆಗೆದುಕೊಂಡನಾದರೂ ಸಾಗಣೆಯ ಖರ್ಚು ನನ್ನ ತಲೆಗೇ ಬಂತು.

ದಾರಿ ತೆರೆದದ್ದು ತೂಕದ ಲೆಕ್ಕದಿಂದ. ತಳ ಬಿಟ್ಟು, ಬಾಗಿಲು ಕಿಟಕಿ ಕಳೆಯದೆ ಆ ಪೆಟ್ಟಿಗೆಯ ಹೊರಮೈ ಹದಿನೆಂಟು ಚದರ ಮೀಟರಿಗೆ ಸ್ವಲ್ಪ ಹೆಚ್ಚು. ಒಂದು ಮಿಲಿಮೀಟರ್ ದಪ್ಪದ 304 ಚದರ ಮೀಟರಿಗೆ ಎಂಟು ಕಿಲೋ ತೂಗುವುದರಿಂದ, 18 ಗೇಜಿನಲ್ಲಿ ಹೊರಮೈಯೊಂದೇ 175 ಕಿಲೋ ಹತ್ತಿರ ಬರುತ್ತದೆ. 24 ಗೇಜಿನಲ್ಲಿ, ಅಂದರೆ 0.6 ಮಿಲಿಮೀಟರಿನಲ್ಲಿ, ಅದು 87 ಕಿಲೋಗೆ ಇಳಿಯುತ್ತದೆ. ಎಲ್ಲರೂ ಹಗುರವೆಂದು ಹೊಗಳುವ ಅಲ್ಯೂಮಿನಿಯಂ ಶೀಟನ್ನು 1.5 ಮಿಲಿಮೀಟರ್ ದಪ್ಪದಲ್ಲಿ ಹಾಕಿದರೆ ಅದರ ತೂಕ 74 ಕಿಲೋ. ವ್ಯತ್ಯಾಸ ಕೇವಲ ಹದಿಮೂರು ಕಿಲೋ, ಒಂದು ಡಬ್ಬ ನೀರಿನಷ್ಟು. ಬಿಡಿಯಾಗಿ ಹಿಡಿದರೆ 0.6ರ ಶೀಟು ಬಳುಕುತ್ತದೆ, ನಿಜ. ಬಿಡಿ ಶೀಟಿನ ಬಿಗುವು ದಪ್ಪದ ಘನಕ್ಕೆ ತಕ್ಕಂತೆ ಏರುವುದರಿಂದ ಅಲ್ಲಿ ಅಲ್ಯೂಮಿನಿಯಮ್ಮೇ ಗೆಲ್ಲುತ್ತದೆ. ಆದರೆ ನಲವತ್ತು ಮಿಲಿಮೀಟರ್ ಫೋಮಿನ ಎರಡೂ ಮಗ್ಗುಲಿಗೆ ತೊಗಟೆಯಾಗಿ ಅಂಟಿಸಿದ ಮೇಲೆ ಬಿಗುವನ್ನು ನಿರ್ಧರಿಸುವುದು ತೊಗಟೆಯ ದಪ್ಪ ಮತ್ತು ಲೋಹದ ಸ್ಥಿತಿಸ್ಥಾಪಕ ಅಂಕಿಯ (ಎಳೆತಕ್ಕೆ ಎಷ್ಟು ಹಿಗ್ಗದೆ ನಿಲ್ಲುತ್ತದೆಂಬ ಅಳತೆ) ಸರಳ ಗುಣಲಬ್ಧ. ಸ್ಟೇನ್‌ಲೆಸ್ಸಿನ ಆ ಅಂಕಿ ಅಲ್ಯೂಮಿನಿಯಮ್ಮಿಗಿಂತ ಎರಡೂ ಮುಕ್ಕಾಲು ಪಟ್ಟು ದೊಡ್ಡದಾದ್ದರಿಂದ, 0.6ರ ಸ್ಟೇನ್‌ಲೆಸ್ ತೊಗಟೆ 1.5ರ ಅಲ್ಯೂಮಿನಿಯಂ ತೊಗಟೆಗಿಂತ ಕೂದಲೆಳೆಯಷ್ಟು ಬಿಗಿಯೇ ಆಗುತ್ತದೆ. ಈ ಲೆಕ್ಕವನ್ನು ಕಾಗದದ ಮೇಲೆ ತೋರಿಸಿದಾಗ ನಕ್ಕವರಲ್ಲಿ ಇಬ್ಬರು ಈಗ ಅದೇ ಫಲಕ ಮಾಡಿಕೊಡಿ ಎಂದು ಕೇಳುತ್ತಿದ್ದಾರೆ.

ಶಾಖ ಹರಡಲು ಬಿಡದೆ ಸ್ಟೇನ್‌ಲೆಸ್ ಕಟ್ಟುವುದು ಹೊಸ ವಿಚಾರವೇನಲ್ಲ. ಅಮೆರಿಕದ ಬಡ್ ಕಂಪನಿಯು 1934ರಲ್ಲಿ ಝೆಫಿರ್ ರೈಲನ್ನು ಸ್ಟೇನ್‌ಲೆಸ್ಸಿನಲ್ಲಿ ಕಟ್ಟಿದಾಗ ಕ್ಷಣಮಾತ್ರ ವಿದ್ಯುತ್ ಹಾಯಿಸುವ ಸ್ಪಾಟ್ ಬೆಸುಗೆಯನ್ನೇ ನೆಚ್ಚಿಕೊಂಡಿತ್ತು. ಶಾಖ ಹರಡಲು ಅವಕಾಶವೇ ಕೊಡದಿದ್ದರೆ ಲೋಹದ ಗುಣವೂ ಕೆಡುವುದಿಲ್ಲ, ಶೀಟೂ ಸೊಟ್ಟಗಾಗುವುದಿಲ್ಲ. ಪಾತ್ರೆ ಮಾಡುವವರ ಹಳೆಯ ಸ್ಪಾಟ್ ಯಂತ್ರವೊಂದನ್ನು ತಂದು ನಾನೂ ಪ್ರಯೋಗಿಸಿದೆ. ಒಳಗಿನ ಆಸರೆ ಪಟ್ಟಿಗಳಿಗೆ ಅದು ಬಹಳ ಒಳ್ಳೆಯದು. ಹೊರಮೈಗೆ ಮಾತ್ರ ಪ್ರತಿ ಚುಕ್ಕೆಯೂ ಗುಳಿಬಿದ್ದು ಕಾಣುತ್ತದೆ, ರೈಲಿನಲ್ಲಾದರೆ ಹದಿನೈದು ಅಡಿ ದೂರದಿಂದ ನೋಡುತ್ತೇವೆ, ಟ್ರೇಲರಿನಲ್ಲಿ ಗಿರಾಕಿ ಕೈಯಿಟ್ಟು ಸವರಿ ನೋಡುತ್ತಾನೆ.

ಅಂಟಿಸುವ ಕೆಲಸದಲ್ಲಿಯೇ ಹೆಚ್ಚು ಕಾಲ ಮತ್ತು ದುಡ್ಡು ಹೋಯಿತು. ಮೊದಲು ಎಪಾಕ್ಸಿಯಿಂದ ಅಂಟಿಸಿ, ಮೇಲೆ ಮರಳಿನ ಚೀಲಗಳನ್ನು ಒಟ್ಟಿದೆ. ಭಾರ ಒಂದೇ ಸಮ ಬೀಳದೆ ಅಲ್ಲಲ್ಲಿ ಗಾಳಿ ಉಳಿದು, ಬೆರಳಿನಿಂದ ತಟ್ಟಿದರೆ ಟೊಳ್ಳು ಶಬ್ದ ಬರುತ್ತಿತ್ತು. ಆದರೂ ಒಂದು ಫಲಕವನ್ನು ಪಾವಗಡದ ಕಡೆ ಬೇಸಿಗೆಯಲ್ಲಿ ಬಯಲಿಗೆ ಒಡ್ಡಿ ಪರೀಕ್ಷೆಗೆ ಇಟ್ಟೆ. ಹಗಲಿನ ಬಿಸಿಗೂ ರಾತ್ರಿಯ ತಂಪಿಗೂ ನಡುವೆ ಹೊರತೊಗಟೆಯಲ್ಲಿ 45 ಡಿಗ್ರಿ ವ್ಯತ್ಯಾಸ ಬಂದರೆ ಮೂರು ಮೀಟರ್ ಶೀಟು ಎರಡು ಮಿಲಿಮೀಟರಿಗೂ ಹೆಚ್ಚು ಹಿಗ್ಗಿ ಕುಗ್ಗುತ್ತದೆ; ಒಳತೊಗಟೆ ಅಷ್ಟು ಚಲಿಸುವುದಿಲ್ಲ. ಎಪಾಕ್ಸಿಗೆ ಬಾಗುವ ಗುಣವಿಲ್ಲ, ಅಂಚಿನಿಂದ ಸಿಪ್ಪೆಯಂತೆ ಬಿಟ್ಟುಬಂತು. ಆಮೇಲೆ ಎರಡು ಭಾಗ ಬೆರೆಸುವ, ಆರಿದ ಮೇಲೂ ಸ್ವಲ್ಪ ಬಳುಕುವ ಪಾಲಿಯುರಿಥೇನ್ ಅಂಟಿಗೆ ಬದಲಾಯಿಸಿದೆ. ಶೀಟಿನ ಒಳಮೈಯನ್ನು ಸ್ಕಾಚ್‌ಬ್ರೈಟಿನಿಂದ ಮಂಕು ಮಾಡಿ, ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಬಟ್ಟೆಯಲ್ಲಿ ಕಪ್ಪು ಬರದವರೆಗೂ ಒರೆಸಿ, ಆ ಮೇಲೆ ಅರ್ಧ ಗಂಟೆಯೊಳಗೆ ಅಂಟು ಬಳಿಯಬೇಕು. ಇದರಲ್ಲಿ ಅವಸರ ಮಾಡಿದ ಫಲಕ ಯಾವುದೂ ಉಳಿಯಲಿಲ್ಲ.

ಒತ್ತಡದ ಪ್ರಶ್ನೆ ಬಗೆಹರಿದದ್ದು ಹಾಲಿನ ವ್ಯವಹಾರದಿಂದ. ಪರಿಚಯದ ಹೈನುಗಾರರೊಬ್ಬರು ಹಾಲು ಕರೆಯುವ ಯಂತ್ರವನ್ನು ಬದಲಾಯಿಸುವಾಗ ಅದರ ಹಳೆಯ ನಿರ್ವಾತ ಪಂಪನ್ನು ಹನ್ನೆರಡು ಸಾವಿರಕ್ಕೋ ಹದಿಮೂರಕ್ಕೋ ಕೊಟ್ಟರು. ಕರೆಯುವ ಯಂತ್ರ 45ರಿಂದ 50 ಕಿಲೋಪಾಸ್ಕಲ್ ನಿರ್ವಾತದಲ್ಲಿ ಕೆಲಸ ಮಾಡುತ್ತದೆ. ಅಂಟು ಬಳಿದ ಫಲಕವನ್ನು ಸಮತಟ್ಟಾದ ಮೇಜಿನ ಮೇಲಿಟ್ಟು, ದಪ್ಪ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚನ್ನು ಮುಚ್ಚಿ, ಪಂಪು ಚಾಲೂ ಮಾಡಿದರೆ ಚದರ ಮೀಟರಿಗೆ ನಾಲ್ಕೂವರೆ ಟನ್ನಿನ ಒತ್ತಡ ಮೂಲೆಮೂಲೆಗೂ ಸಮನಾಗಿ ಬೀಳುತ್ತದೆ. ಪಕ್ಕದ ಗೋಡೆಯ ಒಂದು ಫಲಕದ ಮೇಲೆ ಅದು ಹದಿನೆಂಟು ಹತ್ತೊಂಬತ್ತು ಟನ್ನಾಗುತ್ತದೆ, ಮರಳಿನ ಚೀಲದಲ್ಲಿ ಕನಸಿನಲ್ಲೂ ಆಗದ ಮಾತು. ಘನಮೀಟರಿಗೆ 38 ಕಿಲೋ ಆಸುಪಾಸಿನ ಸಾಂದ್ರತೆಯ ಪಫ್ (ಪಾಲಿಯುರಿಥೇನ್ ಫೋಮ್) ಈ ಒತ್ತಡಕ್ಕೆ ಜಗ್ಗುವುದಿಲ್ಲ. ಥರ್ಮೊಕೋಲು ಹಾಕಿದರೆ ಕುಸಿಯುತ್ತದೆ, ಮಾಡಿ ನೋಡಿದ್ದೇನೆ. ಹಾಳೆಯ ಅಂಚನ್ನು ಗಾಳಿ ಹೋಗದಂತೆ ಮುಚ್ಚಲು ಪೇಟೆಯಲ್ಲಿ ಸಿಗುವ ದುಬಾರಿ ಪಟ್ಟಿಯ ಬದಲು ನಾನು ಬೇರೊಂದನ್ನು ಬಳಸುತ್ತೇನೆ, ನಮ್ಮ ಅಡುಗೆಮನೆಗಳಲ್ಲೇ ಇರುವಂಥದ್ದು. ಅದೇನೆಂದು ಇಲ್ಲಿ ಬರೆಯುವುದಿಲ್ಲ.

ಚಾಸಿಯನ್ನು ಸ್ಟೇನ್‌ಲೆಸ್ಸಿನಲ್ಲಿ ಮಾಡಬೇಕೆಂಬ ಆಸೆ ಅನೇಕರಿಗಿದೆ. ಬೇಡ. 304ರ ಇಳುವರಿ ಬಲ (ಲೋಹ ಶಾಶ್ವತವಾಗಿ ಬಾಗತೊಡಗುವ ಒತ್ತಡ) ಸುಮಾರು 205 ಮೆಗಾಪಾಸ್ಕಲ್. ಭಾರತೀಯ ಮಾನಕ ಐಎಸ್ 4923ರ ಪ್ರಕಾರ ಬರುವ ವೈಎಸ್‌ಟಿ 310 ದರ್ಜೆಯ ಚೌಕ ಕೊಳವೆಯದು ಹೆಸರೇ ಹೇಳುವಂತೆ 310. ಮೂರು ಪಟ್ಟು ಬೆಲೆ ಕೊಟ್ಟು ಮೂರನೆಯ ಎರಡು ಭಾಗ ಬಲ ಕೊಳ್ಳುವುದರಲ್ಲಿ ಅರ್ಥವಿಲ್ಲ. ನನ್ನ ಚಾಸಿ ಮಾಮೂಲಿ ಉಕ್ಕಿನ ಕೊಳವೆಯದು, ಪೂರ್ತಿ ಬೆಸೆದ ಮೇಲೆ ಬೆಂಗಳೂರಿಗೆ ಒಯ್ದು ಬಿಸಿ ಸತುವಿನಲ್ಲಿ ಅದ್ದಿಸಿದ್ದು. ಕಿಲೋಗೆ ಹದಿನೈದು ಇಪ್ಪತ್ತು ರೂಪಾಯಿಯ ನಡುವೆ ಆದ ನೆನಪು. ಕೊಳವೆಗಳ ಎರಡೂ ತುದಿಗೆ ಗಾಳಿ ಹೋಗುವ ತೂತು ಕೊರೆಯದೆ ಅದ್ದಲು ಕೊಟ್ಟರೆ ಒಳಗಿನ ತೇವ ಆವಿಯಾಗಿ ಕೊಳವೆ ಸಿಡಿಯುತ್ತದೆಂಬುದನ್ನು ತಿಳಿದವರಿಗೆ ಹೇಳಬೇಕಿಲ್ಲ. ಸತು ಹತ್ತಿದ ಚಾಸಿಗೆ ಆಮೇಲೆ ಸ್ಟೇನ್‌ಲೆಸ್ ಬ್ರಾಕೆಟ್ ಬೆಸೆಯಲು ಮಾತ್ರ ಎಂದೂ ಹೋಗಬಾರದು, ಕರಗಿದ ಸತು ಸ್ಟೇನ್‌ಲೆಸ್ಸಿನ ಒಳಕ್ಕೆ ನುಗ್ಗಿ ಬಿರುಕು ತರುತ್ತದೆ. ಲೀಫ್ ಸ್ಪ್ರಿಂಗ್, ಓವರ್‌ರನ್ ಬ್ರೇಕ್ (ಗಾಡಿ ನಿಧಾನವಾದಾಗ ಟ್ರೇಲರಿನ ನೂಕಿನಿಂದಲೇ ಹಿಡಿಯುವಂಥದ್ದು), 50 ಮಿಲಿಮೀಟರಿನ ಗುಂಡಿನ ಕೊಂಡಿ, ಮತ್ತು ಬೊಲೆರೊಗೆ ಬರುವ 215/75 ಆರ್ 15 ಟೈರುಗಳನ್ನೇ ಹಾಕಿದ್ದೇನೆ. ಒಂದೇ ಸ್ಟೆಪ್ನಿ ಎರಡಕ್ಕೂ ಆಗುತ್ತದೆ. ನೀರು, ಗ್ಯಾಸು, ಹಾಸಿಗೆ ಎಲ್ಲ ಸೇರಿ ಈಗ ಅದು 620 ಕಿಲೋ ಹತ್ತಿರ ತೂಗುತ್ತದೆ. ಅದರಲ್ಲಿ ಐವತ್ತು ಐವತ್ತೈದು ಕಿಲೋ ಕೊಂಡಿಯ ಮೇಲೆ ಬೀಳುವಂತೆ ಆಕ್ಸಲನ್ನು ಕೂರಿಸಿದ್ದೇನೆ. ಕೊಂಡಿಯ ಭಾರ ಇದಕ್ಕಿಂತ ತೀರ ಕಡಿಮೆಯಾದಾಗ ಶಿರಾ ರಸ್ತೆಯಲ್ಲಿ ಎಪ್ಪತ್ತು ದಾಟಿದೊಡನೆ ಟ್ರೇಲರ್ ಬಾಲ ಬೀಸತೊಡಗುತ್ತದೆ.

ಸ್ಟೇನ್‌ಲೆಸ್ ಮೈ ಮತ್ತು ಸತುವಿನ ಚಾಸಿ ಒಂದಕ್ಕೊಂದು ಮುಟ್ಟಬಾರದು. ನೀರು ನಿಂತಲ್ಲಿ ಸತುವು ತನ್ನನ್ನೇ ಕರಗಿಸಿಕೊಂಡು ಸ್ಟೇನ್‌ಲೆಸ್ಸನ್ನು ಕಾಯುತ್ತದೆ, ಸತು ಮುಗಿದ ಮೇಲೆ ಚಾಸಿಯ ಸರದಿ. ಎಲ್ಲೆಡೆ ಇಪಿಡಿಎಂ ರಬ್ಬರ್ ಪಟ್ಟಿ, ಬೋಲ್ಟುಗಳಿಗೆ ನೈಲಾನ್ ಬುಷ್ ಕೊಡಬೇಕು. ಅದೇ ನ್ಯಾಯದಿಂದ ಸ್ಟೇನ್‌ಲೆಸ್ ಶೀಟಿಗೆ ಅಲ್ಯೂಮಿನಿಯಂ ಪಾಪ್ ರಿವೆಟ್ ಹೊಡೆಯುವುದು ತಪ್ಪು: ದೊಡ್ಡ ಶೀಟಿನ ಎದುರು ಪುಟ್ಟ ರಿವೆಟ್ಟು ಬೇಗ ಸವೆದುಹೋಗುತ್ತದೆ. ಸ್ಟೇನ್‌ಲೆಸ್ ರಿವೆಟ್ಟನ್ನೇ ಹಾಕಬೇಕು, ಅದಕ್ಕೆ ಕೈ ಗನ್ನು ಸಾಲದು, ಗಾಳಿಯ ಗನ್ನು ಬೇಕು. ಸ್ಟೇನ್‌ಲೆಸ್ ಬೋಲ್ಟು ನಟ್ಟುಗಳನ್ನು ಪೇಸ್ಟ್ ಹಚ್ಚದೆ ಗನ್ನಿನಿಂದ ಬಿಗಿದರೆ ಮರೆಗಳು (ತಿರುಪಿನ ಗೆರೆಗಳು) ಒಂದಕ್ಕೊಂದು ಕಚ್ಚಿಕೊಂಡು, ಬಿಚ್ಚುವಾಗ ಬೋಲ್ಟೇ ಮುರಿಯುತ್ತದೆ. ಕಬ್ಬಿಣ ಉಜ್ಜಿದ ಗ್ರೈಂಡರ್ ಚಕ್ರವನ್ನು ಸ್ಟೇನ್‌ಲೆಸ್ಸಿನ ಹತ್ತಿರಕ್ಕೂ ತರಬಾರದೆಂಬುದು ನಮಗೆಲ್ಲ ಗೊತ್ತು. ಆದರೆ ಚಾಸಿ ಮತ್ತು ಮೈ ಎರಡನ್ನೂ ಒಂದೇ ಛಾವಣಿಯಡಿ ಮಾಡುವಾಗ ಪಕ್ಕದಲ್ಲಿ ಹಾರುವ ಕಿಡಿಯೂ ಅಷ್ಟೇ ಕೆಲಸ ಕೆಡಿಸುತ್ತದೆ. ಮೊದಲ ಮಳೆಗೇ ಶೀಟಿನ ಮೇಲೆ ಕಂದು ಚುಕ್ಕೆ ಎದ್ದದ್ದನ್ನು ಕಂಡವರು ಸ್ಟೇನ್‌ಲೆಸ್ಸೇ ತುಕ್ಕು ಹಿಡಿಯಿತೆಂದು ಸಾರಿಕೊಂಡು ಬಂದರು. ತುಕ್ಕು ಹಿಡಿದದ್ದು ಶೀಟಿಗೆ ಹತ್ತಿದ ಕಬ್ಬಿಣದ ಕಣ; ಆ ಚುಕ್ಕೆಗಳು ಸಿಟ್ರಿಕ್ ಆಮ್ಲದ ತೊಳೆತಕ್ಕೆ ಹೋದವು. ಬೆಸುಗೆಯ ಕಲೆಗೆ ಹಚ್ಚುವ ಪಿಕ್ಲಿಂಗ್ ಪೇಸ್ಟಿನಲ್ಲಿ ಅಪಾಯಕಾರಿ ಹೈಡ್ರೊಫ್ಲೋರಿಕ್ ಆಮ್ಲವಿರುವುದರಿಂದ ಅದನ್ನು ಇಷ್ಟು ದೊಡ್ಡ ಮೈಗೆ ಬಳಿಯುವ ಯೋಚನೆ ಮಾಡಲಿಲ್ಲ.

ಮೂರು ಫಲಕಗಳು ಕೂಡುವ ಮೂಲೆಯೇ ಇಂಥ ಪೆಟ್ಟಿಗೆಯ ಸೋರುವ ಜಾಗ. ಹಬೆಪೆಟ್ಟಿಗೆಯ ಬಾಗಿಲಿನ ಚೌಕಟ್ಟಿಗೆ ನಾವು ಹಾಕುವ ಮಡಿಕೆಯನ್ನೇ ಸ್ವಲ್ಪ ಬದಲಿಸಿ, ನೀರು ಒಳಕ್ಕೆ ಬರಬೇಕಾದರೆ ಮೇಲಕ್ಕೆ ಹತ್ತಬೇಕಾಗುವಂತೆ ಮಾಡಿದ್ದೇನೆ. ಅಳತೆಗಳನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ, ಆ ಮೂಲೆಗೆ ಮೂರು ಶೀಟು ಹಾಳಾಗಿವೆ.

ಇನ್ನು ಕಾಯುವ ವಿಚಾರ. ಹೊಳೆಯುವ ಲೋಹ ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ, ಆದ್ದರಿಂದ ತಂಪಾಗಿರುತ್ತದೆ ಎಂದು ಮಾರುವವರು ಹೇಳುವುದುಂಟು. ಅರ್ಧ ಮಾತ್ರ ನಿಜ. ಸ್ಟೇನ್‌ಲೆಸ್ ಶೀಟು ಬಿಸಿಲಿನ ದೊಡ್ಡ ಭಾಗವನ್ನು ಎಸೆಯುತ್ತದೆ, ಆದರೆ ಹೀರಿಕೊಂಡಷ್ಟನ್ನು ಹೊರಕ್ಕೆ ಸೂಸುವುದರಲ್ಲಿ ಬಹಳ ಜಿಪುಣ. ಬಿಳಿ ಬಣ್ಣ ಕಡಿಮೆ ಹೀರಿ ಹೆಚ್ಚು ಸೂಸುತ್ತದೆ. ಏಪ್ರಿಲ್ ಮಧ್ಯಾಹ್ನ ಒಂದೇ ಅಂಗಳದಲ್ಲಿ ಎರಡು ತುಂಡು ಇಟ್ಟು ನೋಡಿದಾಗ ಬರಿಯ ಶೀಟು ಎಪ್ಪತ್ತರ ಹತ್ತಿರ ಹೋಯಿತು, ಬಿಳಿ ಬಳಿದದ್ದು ಐವತ್ತರ ಸುತ್ತ ನಿಂತಿತು. ಇದನ್ನು ಅಳೆಯುವವರು ಗನ್ನಿನಂಥ ಇನ್‌ಫ್ರಾರೆಡ್ ಥರ್ಮಾಮೀಟರನ್ನು ನೇರವಾಗಿ ಹೊಳೆಯುವ ಶೀಟಿಗೆ ಹಿಡಿದರೆ ಅದು ಮೂವತ್ತೈದು ನಲವತ್ತು ಎಂದು ಸುಳ್ಳು ಹೇಳುತ್ತದೆ. ಒಂದು ತುಂಡು ಕಪ್ಪು ಟೇಪು ಅಂಟಿಸಿ ಅದರ ಮೇಲೆ ಹಿಡಿಯಬೇಕು. ಸ್ಟೇನ್‌ಲೆಸ್ ಮೇಲೆ ಬಣ್ಣ ನಿಲ್ಲಿಸಲು ಲೋಹದ ಮೈಯನ್ನು ಕಚ್ಚಿ ಹಿಡಿಯುವ ಎಚ್ (etch) ಪ್ರೈಮರ್ ಬೇಕು, ಅದು ಹಾಕಿದರೂ ಕೊಂಬೆ ತಾಗಿದಲ್ಲಿ ಏಳುತ್ತದೆ. ಬಣ್ಣವಿಲ್ಲದಿರುವುದೇ ಈ ಲೋಹದ ಲಾಭವಾಗಿರುವಾಗ ಮತ್ತೆ ಬಣ್ಣದ ತಲೆನೋವು ಕಟ್ಟಿಕೊಳ್ಳಲು ಮನಸ್ಸಾಗಲಿಲ್ಲ. ಚಾವಣಿಗಿಂತ ಎರಡು ಇಂಚು ಮೇಲೆ ಎರಡು ಸೌರ ಫಲಕಗಳನ್ನು ಕೂರಿಸಿ, ನಡುವೆ ಗಾಳಿ ಹಾಯುವಂತೆ ಬಿಟ್ಟೆ. ನೆರಳೂ ಆಯಿತು, ಕರೆಂಟೂ ಆಯಿತು. ನಲವತ್ತು ಮಿಲಿಮೀಟರ್ ಪಫ್ ಇರುವುದರಿಂದ ಈಗ ಒಳಗಿನ ಬಿಸಿ ಹೊರಗಿನ ನೆರಳಿಗಿಂತ ಎರಡು ಮೂರು ಡಿಗ್ರಿ ಹೆಚ್ಚಿರುತ್ತದೆ, ಅಷ್ಟೇ. ಕಿಟಕಿ ಮುಚ್ಚಿಟ್ಟರೆ ಬೇರೆ ಮಾತು.

ಚಳಿಯ ಕಡೆಯ ತೊಂದರೆಯನ್ನು ಮಾತ್ರ ಯಾರೂ ಎಚ್ಚರಿಸಿರಲಿಲ್ಲ. ಡಿಸೆಂಬರಿನಲ್ಲಿ ನಂದಿಬೆಟ್ಟದ ತಪ್ಪಲಿನಲ್ಲಿ ಇಬ್ಬರು ಮಲಗಿ ಎದ್ದರೆ, ಒಳಗೂ ಹೊರಗೂ ಹಾಯ್ದುಹೋಗುವ ಲೋಹವಿದ್ದ ಕಡೆಯಲ್ಲೆಲ್ಲ, ಅಂದರೆ ಬಾಗಿಲಿನ ಚೌಕಟ್ಟು, ರಿವೆಟ್ಟಿನ ತುದಿ, ಕಿಟಕಿಯ ಅಂಚುಗಳಲ್ಲಿ, ಬೆವರಿನಂತೆ ನೀರು ಸಾಲುಗಟ್ಟಿತ್ತು. ಒಳತೊಗಟೆಗೆ ಲೋಹದ ಬದಲು ಮೂರು ಮಿಲಿಮೀಟರಿನ ಪ್ಲೈವುಡ್ ಹಾಕಿ, ಚೌಕಟ್ಟನ್ನು ನಡುವೆ ಕತ್ತರಿಸಿ ಗಟ್ಟಿ ಪ್ಲಾಸ್ಟಿಕ್ ಪಟ್ಟಿ ಸೇರಿಸಿದ ಮೇಲೆ ಮುಕ್ಕಾಲು ಪಾಲು ನಿಂತಿತು. ಉಳಿದದ್ದಕ್ಕೆ ಮೇಲಿನ ಗಾಳಿಕಿಂಡಿ ತೆರೆದಿಡುವುದೇ ಉಪಾಯ.

ಅಡುಗೆಮನೆ ಸ್ಟೇನ್‌ಲೆಸ್ಸಿನ ನಿಜವಾದ ನೆಲೆ. ಆಸ್ಟ್ರೇಲಿಯಾದ ಕ್ಯಾಂಪರ್ ಟ್ರೇಲರುಗಳಲ್ಲಿ ಪಕ್ಕದಿಂದ ಎಳೆದರೆ ಹೊರಬರುವ ಸ್ಟೇನ್‌ಲೆಸ್ ಅಡುಗೆಮನೆ ಸಾಮಾನ್ಯ. ಅದನ್ನೇ ನೋಡಿ ಮಾಡಿದೆ. ಅವರ ವಿನ್ಯಾಸ ಬಾಣಲೆಯಲ್ಲಿ ಏನಾದರೂ ಹುರಿದುಕೊಳ್ಳಲು ಸಾಕು. ನಮ್ಮಲ್ಲಿ ಅದರ ಮೇಲೆ ಮುದ್ದೆ ತಿರುವಬೇಕು. ಪಾತ್ರೆಯನ್ನು ಕವೆಗೋಲಿನಿಂದ ಒತ್ತಿ ಹಿಡಿದು, ಮುದ್ದೆಕೋಲನ್ನು ಎರಡು ಕೈಯಿಂದ ತಿರುವುವ ಬಲಕ್ಕೆ ಎಳೆಪಟ್ಟಿಗಳು ಬಾಗಿ, ಒಲೆಯೇ ಒಂದು ಮಗ್ಗುಲಿಗೆ ವಾಲಿತು. ನನ್ನ ಹೆಂಡತಿ ಅಲ್ಲಿಂದ ಪಾತ್ರೆ ಇಳಿಸಿ ನೆಲದ ಮೇಲೆ ಇಟ್ಟು ತಿರುವಿದಳು. "ಮುದ್ದೆ ಆಗದ ಅಡುಗೆಮನೆ ಯಾರಿಗೆ ಬೇಕು" ಎಂದಳು. ಅದು ನನಗೆ ಸಿಕ್ಕ ಅತ್ಯಂತ ಉಪಯುಕ್ತ ತಾಂತ್ರಿಕ ಸಲಹೆ. ಈಗ ಹೊರತುದಿಗೆ ನೆಲಕ್ಕೂರುವ, ತಿರುಪಿನಿಂದ ಎತ್ತರ ಬದಲಾಗುವ ಎರಡು ಕಾಲುಗಳಿವೆ. ಒಲೆಯ ಪಕ್ಕದಲ್ಲಿ ಕವೆಗೋಲಿನ ತುದಿ ಸಿಕ್ಕಿಸಲು ಒಂದು ಗಾಳವಿದೆ. ಜೊತೆಗೆ ಒಂದು ಸಾಲಿಗೆ ನಾಲ್ಕು ತಟ್ಟೆ ಹಿಡಿಯುವ ಪುಟ್ಟ ಹಬೆಪೆಟ್ಟಿಗೆಯನ್ನೂ ಅಳವಡಿಸಿದ್ದೇನೆ. ಅದಕ್ಕೂ ಟ್ರೇಲರಿಗೂ ಸಂಬಂಧವಿಲ್ಲ, ಆದರೆ ನೋಡಲು ಬಂದವರೆಲ್ಲ ಮೊದಲು ಅದರ ಬೆಲೆಯನ್ನೇ ಕೇಳುತ್ತಾರೆ.

ನೀರಿನ ತೊಟ್ಟಿ ಅರವತ್ತು ಲೀಟರಿನದು. ಮೊದಲ ತೊಟ್ಟಿಯಲ್ಲಿ ಬೆಸುಗೆಯ ಒಳಮಗ್ಗುಲಿಗೆ ಆರ್ಗಾನ್ ಕೊಟ್ಟಿರಲಿಲ್ಲ, ಕಪ್ಪಾಗಿ ಹರಳುಗಟ್ಟಿದ ಆ ಗೆರೆಯುದ್ದಕ್ಕೂ ಸೂಜಿಮೊನೆಯಷ್ಟು ತೂತುಗಳು ಬಿದ್ದವು. ಬೋರ್‌ವೆಲ್ ನೀರಿಗೆ ಬ್ಲೀಚಿಂಗ್ ಪುಡಿ ಹಾಕಿ ವಾರಗಟ್ಟಲೆ ಬಿಟ್ಟದ್ದೂ ಅದಕ್ಕೆ ಸೇರಿಕೊಂಡಿತು. 304 ಲೋಹ ಲೀಟರಿಗೆ ಇನ್ನೂರು ಮಿಲಿಗ್ರಾಂವರೆಗಿನ ಕ್ಲೋರೈಡನ್ನು ತಾಳಿಕೊಳ್ಳುತ್ತದೆ ಎಂಬುದು ಸಾಮಾನ್ಯ ಲೆಕ್ಕ; ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಅಪೇಕ್ಷಿತ ಮಿತಿಯೇ 250, ಬೇರೆ ನೀರಿಲ್ಲದಾಗ ಸಾವಿರದವರೆಗೆ ಅವಕಾಶವಿದೆ. ಮಧುಗಿರಿ, ಪಾವಗಡ, ಬಾಗೇಪಲ್ಲಿ ಕಡೆಯ ಆಳದ ಬೋರಿನ ನೀರು ತುಂಬಿಸುವವರು ತೊಟ್ಟಿಯನ್ನಾದರೂ ಮಾಲಿಬ್ಡಿನಂ ಇರುವ 316ರಲ್ಲಿ ಮಾಡಿಸಬೇಕು, ಬೆಲೆ ಒಂದೂವರೆ ಪಟ್ಟಿನ ಹತ್ತಿರವಾದರೂ ತೊಟ್ಟಿಗೆ ಬೇಕಾಗುವುದು ಹತ್ತು ಹನ್ನೆರಡು ಕಿಲೋ ಮಾತ್ರ. ಆ ನೀರಿನಲ್ಲಿರುವ ಫ್ಲೋರೈಡಿಗೆ ಯಾವ ತೊಟ್ಟಿಯೂ ಮದ್ದಲ್ಲ, ಆ ಕಡೆ ಕುಡಿಯುವ ನೀರನ್ನು ಬೇರೆ ಒಯ್ಯುವುದೇ ಸರಿ.

ಬಯಲುಸೀಮೆಯ ಒಣಗಾಳಿಯಲ್ಲಿ 304ರ ಹೊರಮೈಗೆ ಏನೂ ಆಗಲಿಲ್ಲ. ಶಿರಾಡಿ ಘಾಟಿ ಇಳಿದು ಕರಾವಳಿಯಲ್ಲಿ ಒಂದು ವಾರ ಸಮುದ್ರದಂಡೆಗೆ ನಿಲ್ಲಿಸಿ ಬಂದಾಗ, ಮಳೆ ನೇರವಾಗಿ ಬೀಳದ ಕೆಳಭಾಗದಲ್ಲಿ ಚಹಾದ ಬಣ್ಣದ ಕಲೆಗಳು ಎದ್ದಿದ್ದವು. ಮೇಲ್ಮೈಯ ಕಲೆಯೇ ಹೊರತು ತೂತಲ್ಲ. ಒರಟು ಉಜ್ಜಿನ ಮೈಗೆ ಹೆಚ್ಚು, ನಯವಾದ 2ಬಿ ಮೈಗೆ ಕಡಿಮೆ. ಸಿಹಿನೀರಿನಿಂದ ಎರಡು ದಿನಕ್ಕೊಮ್ಮೆ ತೊಳೆದರೆ ಬರುವುದೇ ಇಲ್ಲ. ಕನ್ನಡಿ ಹೊಳಪಿನ ಮೈ ಇನ್ನೂ ಒಳ್ಳೆಯದಿತ್ತೇನೋ, ಆದರೆ ಹೆದ್ದಾರಿಯಲ್ಲಿ ಹಿಂದೆ ಬರುವವನ ಕಣ್ಣಿಗೆ ಸೂರ್ಯನನ್ನು ಹಿಡಿದು ತೋರಿಸುತ್ತಾ ಹೋಗುವುದು ಅಪಾಯ. ಶೀಟಿನ ಮೇಲಿನ ಪಿವಿಸಿ ಹಾಳೆಯನ್ನು ಗೀರು ಬೀಳದಿರಲೆಂದು ಬಿಸಿಲಿನಲ್ಲಿ ತಿಂಗಳುಗಟ್ಟಲೆ ಬಿಡುವವರಿಗೆ ಒಂದು ಸೂಚನೆ: ಅದರ ಅಂಟು ಬೆಂದು ಹಿಡಿದುಬಿಟ್ಟರೆ ಬಿಡಿಸಲು ಶೀಟಿನ ಬೆಲೆಯಷ್ಟು ಕೂಲಿಯಾಗುತ್ತದೆ.

ಅಲ್ಯೂಮಿನಿಯಂ ಅಥವಾ ಫೈಬರಿನ ಎದುರು ಸ್ಟೇನ್‌ಲೆಸ್ ಸೋಲುವುದು ತಗ್ಗು ಬಿದ್ದಾಗ. ಹಿಂದಕ್ಕೆ ಬರುವಾಗ ಹುಣಸೆಮರ ತಾಗಿ ಪಕ್ಕದ ಗೋಡೆಯಲ್ಲಿ ಅಂಗೈಯಗಲದ ತಗ್ಗಾಗಿದೆ. ಬಡಿದಷ್ಟೂ ಗಟ್ಟಿಯಾಗುವ ಲೋಹವಿದು, ಎಳೆದರೆ ಸುತ್ತಲೂ ಸುಕ್ಕು ಬರುತ್ತದೆ, ಪುಟ್ಟಿ ತುಂಬಿ ಬಣ್ಣ ಬಳಿಯುವ ದಾರಿಯೂ ಇಲ್ಲ. ಫಲಕ ಬದಲಿಸಬೇಕು, ಇಲ್ಲವೇ ಒಪ್ಪಿಕೊಳ್ಳಬೇಕು. ನಾನು ಅದರ ಮೇಲೆ ಒಂದು ದೀಪ ಕೂರಿಸಿದ್ದೇನೆ. ದೂರದ ಊರಿನ ಗ್ಯಾರೇಜುಗಳಲ್ಲಿ ಟಿಗ್ ಇರುವುದಿಲ್ಲವೆಂಬುದೂ ನೆನಪಿರಲಿ.

ಹಣದ ಲೆಕ್ಕ ನೆನಪಿನಿಂದ ಹೀಗಿದೆ. ಹೊರತೊಗಟೆಯ ಶೀಟು ವ್ಯರ್ಥ ತುಂಡುಗಳೂ ಸೇರಿ 110 ಕಿಲೋ, ಕಿಲೋಗೆ 230ರ ಲೆಕ್ಕದಲ್ಲಿ ಇಪ್ಪತ್ತೈದು ಸಾವಿರ. ಅಲ್ಯೂಮಿನಿಯಂ ತಂದಿದ್ದರೂ ಹೆಚ್ಚು ಕಡಿಮೆ ಅಷ್ಟೇ ಆಗುತ್ತಿತ್ತು. ಪಫ್ ಮತ್ತು ಅಂಟಿಗೆ ಶೀಟಿಗಿಂತ ಹೆಚ್ಚು ಹೋಯಿತು, ಅರವತ್ತು ಸಾವಿರ ಮೀರಿತು. ಚಾಸಿ, ಆಕ್ಸಲ್, ಬ್ರೇಕು, ಚಕ್ರಗಳಿಗೆ ಒಂದೂಕಾಲು ಲಕ್ಷ, ಅಡುಗೆಮನೆಗೆ ನಲವತ್ತು, ಸೌರ ಫಲಕ, ಬ್ಯಾಟರಿ, ವೈರಿಂಗಿಗೆ ಎಪ್ಪತ್ತು, ಉಳಿದದ್ದು ಕೂಲಿ, ಕಿಟಕಿ, ಹಾಸಿಗೆ. ಒಟ್ಟು ನಾಲ್ಕೂಮುಕ್ಕಾಲು ಲಕ್ಷ. ಬಣ್ಣದ ಬೂತಿನ ಖರ್ಚು ಸೊನ್ನೆ, ಮುಂದೆ ನಾಲ್ಕೈದು ವರ್ಷಕ್ಕೊಮ್ಮೆ ಬರುವ ಮರುಬಣ್ಣದ ನಲವತ್ತು ಐವತ್ತು ಸಾವಿರವೂ ಸೊನ್ನೆ. ಬೊಲೆರೊದ ಮೈಲೇಜು ಲೀಟರಿಗೆ ಹದಿನಾಲ್ಕರಿಂದ ಹತ್ತೂವರೆಗೆ ಇಳಿಯುತ್ತದೆ. ಅದಕ್ಕೆ ಕಾರಣ ತೂಕಕ್ಕಿಂತ ಗಾಳಿಗೆ ಅಡ್ಡ ನಿಲ್ಲುವ ಮುಖ, ಲೋಹ ಯಾವುದಾದರೂ ಅದು ತಪ್ಪುವುದಿಲ್ಲ.

ಕಾಗದಪತ್ರವನ್ನು ಲೋಹ ಕೊಳ್ಳುವ ಮೊದಲೇ ವಿಚಾರಿಸಬೇಕು. 1988ರ ಮೋಟಾರು ವಾಹನ ಕಾಯ್ದೆಯ ವ್ಯಾಖ್ಯೆಯಲ್ಲಿ ಟ್ರೇಲರೂ ಮೋಟಾರು ವಾಹನವೇ ಆದ್ದರಿಂದ ನೋಂದಣಿ, ಫಲಕ, ವಿಮೆ ಎಲ್ಲವೂ ಬೇಕು. ಒಟ್ಟು ತೂಕ 750 ಕಿಲೋ ಒಳಗಿದ್ದರೆ ಅತಿ ಹಗುರ ಟ್ರೇಲರುಗಳ ಟಿ1 ವರ್ಗ. ಮೊದಲ ಮೈ ಆ ಗೆರೆ ದಾಟಿತ್ತು, ಈಗಿನದು ಸಾಕಷ್ಟು ಒಳಗಿದೆ.

ಇನ್ನೂ ಪೂರ್ತಿ ಗೆಲ್ಲಲಾಗದಿರುವುದು ಧೂಳು. ಮಣ್ಣುರಸ್ತೆಯಲ್ಲಿ ಚೌಕ ಪೆಟ್ಟಿಗೆಯ ಹಿಂದೆ ಗಾಳಿಯ ಒತ್ತಡ ಕುಸಿದು, ಹಿಂಬಾಗಿಲಿನ ಸಂದಿನಿಂದ ಧೂಳು ಒಳಕ್ಕೆ ಎಳೆದುಕೊಳ್ಳುತ್ತದೆ. ಕಟ್ಟುಮಸ್ತಾದ ಸ್ಟೇನ್‌ಲೆಸ್ ಬಾಗಿಲು ಸ್ವಲ್ಪವೂ ಬಾಗದಿರುವುದರಿಂದ ರಬ್ಬರಿನ ಮೇಲೆ ಒಂದೇ ಸಮ ಕೂರುವುದಿಲ್ಲ. ಚಾವಣಿಯ ಮುಂಭಾಗದಲ್ಲಿ, ಓಡುವಾಗ ಗಾಳಿ ಒಳನುಗ್ಗುವಂತೆ, ಸೋಸುಬಟ್ಟೆ ಕಟ್ಟಿದ ಒಂದು ಬಾಯಿ ತೆರೆದಿದ್ದೇನೆ. ಒಳಗಿನ ಒತ್ತಡ ಹೆಚ್ಚಿ ಅರ್ಧದಷ್ಟು ಧೂಳು ನಿಂತಿದೆ. ಮುಂದಿನ ಟ್ರೇಲರಿನ ಹಿಂಬಾಗಿಲಿಗೆ ಎರಡು ಸಾಲು ರಬ್ಬರ್ ಹಾಕಿ, ಅಗಳಿಯನ್ನು ಎರಡರಿಂದ ನಾಲ್ಕಕ್ಕೆ ಏರಿಸುತ್ತಿದ್ದೇನೆ. ಶೀಟು ಈಗಾಗಲೇ ಕತ್ತರಿಸಿ ಮಡಿಸಿ ಆಗಿದೆ, ಮಣ್ಣುರಸ್ತೆಯ ಪರೀಕ್ಷೆ ಬಾಕಿ.